ಬಾಗಿಲಲ್ಲಿ ಬಿಟ್ಟ ಮೊಬೈಲು

ನಾನು ಸಾಕ್ಷಿ ಹೇಳಲು ಕಾರ್ಕಳದ ಕೋರ್ಟಿಗೆ ಹೋದ ದಿನವೇ ಮಣಿಪಾಲದಲ್ಲಿ ಮಗಳ ಹೆರಿಗೆ. ಬಾಗಿಲಲ್ಲಿದ್ದ ಜವಾನನಿಗೆ ವಿಷಯ ಹೇಳಿದೆ. "ಮೊಬೈಲ್ ಒಳಗೆ ಬಿಡ್ಲಿಕ್ಕಿಲ್ಲ. ರೂಲ್ಸ್ ಅಲ್ವಾ, ಎಂತ ಮಾಡುವುದು?" ಎಂದು ಅದನ್ನು ತನ್ನ ಮೇಜಿನ ಮೇಲಿಟ್ಟುಕೊಂಡ.

ಒಳಗೆ ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು. ವಕೀಲರ ಮಾತು ದೂರದ ಕಡಲಿನ ಹಾಗೆ ಕೇಳಿಸತೊಡಗಿತು. ಇನ್ನೂ ಹುಟ್ಟದ ಮಗುವನ್ನು ಮಡಿಲಲ್ಲಿಟ್ಟುಕೊಂಡು ನಾನು ಮನಸ್ಸಿನಲ್ಲೇ ಕಾಪುವಿನ ಕಡಲತೀರದ ಮರಳಲ್ಲಿ ಕುಳಿತಿದ್ದೆ.

ಅಷ್ಟರಲ್ಲಿ ಜವಾನ, ಸಾಕ್ಷಿಗಳನ್ನು ಕರೆಯುವ ಅದೇ ರಾಗದಲ್ಲಿ, ಬಾಗಿಲಿನಿಂದ ನನ್ನ ಹೆಸರನ್ನು ಮೂರು ಸಲ ಕೂಗಿದ. ನಾನು ಗಡಬಡಿಸಿ ಎದ್ದು ಕಟಕಟೆ ಹತ್ತಿದೆ.

"ಅಲ್ಲಿಗಲ್ಲ ಮಾರಾಯ್ರೆ, ಇಲ್ಲಿಗೆ ಬನ್ನಿ! ನಿಮ್ಮ ಅಳಿಯನ ಫೋನು. ಹೆಣ್ಣು ಮಗುವಂತೆ!"

ನ್ಯಾಯಾಧೀಶರೂ ಪೆನ್ನು ಕೆಳಗಿಟ್ಟು ನಕ್ಕರು. ನಮ್ಮ ಕೇಸಿಗೆ ಇನ್ನೊಂದು ತಾರೀಕು ಸಿಕ್ಕಿತು. ಆ ದಿನ ಅಲ್ಲಿ ಮುಂದಕ್ಕೆ ಹೋಗದೆ ಇತ್ಯರ್ಥವಾದದ್ದು ನನ್ನ ಮೊಮ್ಮಗಳ ಕೇಸೊಂದೇ.