ಪಾತಾಳಕ್ಕೂ ಒಂದು ಆಟಿ

“ಅಷ್ಟು ಮುಳುಗಿ ಎಂತ ಓದುವುದು ಮಗಾ?” ಬಸ್ಸು ಕಾಪು ದಾಟುವಾಗ, ಕಂಬಿ ಹಿಡಿದು ನಿಂತಿದ್ದ ನನ್ನೆದುರಿನ ಸೀಟಿನ ಅಜ್ಜಿ ಪಕ್ಕದ ಕಾಲೇಜು ಹುಡುಗಿಯನ್ನು ಕೇಳಿದರು. ಗ್ರೀಕರ ಹಳೆಯ ಪುರಾಣವೊಂದನ್ನು ಹರೆಯದವರಿಗಾಗಿ ಹೊಸದಾಗಿ ಬರೆದ ಕಾದಂಬರಿ ಎಂದು ಹುಡುಗಿ ಕತೆ ಹೇಳಿದಳು. ಪಾತಾಳದ ರಾಜ ಒಬ್ಬಳು ಹುಡುಗಿಯನ್ನು ಹೊತ್ತೊಯ್ದು ಮದುವೆಯಾಗುತ್ತಾನೆ. ಅವಳ ತಾಯಿ ಬೆಳೆಯ ದೇವತೆ. ಸಿಟ್ಟಿನಲ್ಲಿ ಭೂಮಿಯ ಮೇಲೆ ಒಂದು ಹುಲ್ಲೂ ಹುಟ್ಟದ ಹಾಗೆ ಮಾಡುತ್ತಾಳೆ. ಕೊನೆಗೆ ರಾಜಿಯಾಗಿ, ಮಗಳಿಗೆ ವರ್ಷಕ್ಕೆ ಆರು ತಿಂಗಳು ತವರು.

“ಆರು ತಿಂಗಳ ಆಟಿಯಾ!” ಅಜ್ಜಿ ಬಾಯಿ ಮೇಲೆ ಕೈಯಿಟ್ಟರು. “ನಮಗೆ ಒಂದು ತಿಂಗಳು ಸಿಕ್ಕಿದ್ದೇ ಹೆಚ್ಚು. ಆ ರಾಜನಿಗೆ ತಾಯಿ ಇಲ್ಲ ಅಂತ ಕಾಣ್ತದೆ.”

ಸುತ್ತಲಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆಟಿ ತಿಂಗಳಲ್ಲಿ, ಎಂದರೆ ತುಳುನಾಡಿನ ಆಷಾಢದಲ್ಲಿ, ಹೊಸ ಸೊಸೆಯನ್ನು ತವರಿಗೆ ಕಳುಹಿಸುವುದು ನಮ್ಮ ಕಡೆಯ ಕ್ರಮ. ನಾನೂ ದೊಡ್ಡ ಮನಸ್ಸು ಮಾಡಿ ನನ್ನ ಸೊಸೆಯನ್ನು ಕಳುಹಿಸಿದ್ದೆ. ಎಂಟೇ ದಿನಕ್ಕೆ ಸೊಂಟನೋವಿನ ನೆಪ ಹಿಡಿದು, ಅವಳನ್ನು ವಾಪಸ್ ಕರೆತರಲು ಎಲ್ಲೂರಿಗೆ ಹೊರಟಿದ್ದೆ. ಅಂಥ ಸೊಂಟನೋವಿನವಳು ಉಡುಪಿಯಿಂದ ನಿಂತೇ ಬಂದಿದ್ದೆ!

ಬಾಗಿಲಲ್ಲಿ ನನ್ನನ್ನು ಕಂಡ ಸೊಸೆ, ಏನೂ ಕೇಳದೆ ಬ್ಯಾಗ್ ತರಲು ಒಳಗೆ ತಿರುಗಿದಳು. ಬಾಡಿದ ಆ ಮುಖ ನೋಡಿದ ಮೇಲೆ ಸೊಂಟದ ವಿಷಯ ಬಾಯಿಗೆ ಬರಲೇ ಇಲ್ಲ. “ಬ್ಯಾಗ್ ಬೇಡ, ಪತ್ರೊಡೆ ತಿನ್ನಲಿಕ್ಕೆ ಬಂದದ್ದು” ಎಂದೆ.

ಸಂಜೆ ಒಬ್ಬಳೇ ಮರಳಿದ ನನ್ನನ್ನು ನೋಡಿ ಮಗ “ಅವಳೆಲ್ಲಿ?” ಎಂದ. “ಆಟಿ ಮುಗಿಯಲಿ. ಅಲ್ಲಿಯವರೆಗೆ ಈ ಪಾತಾಳದಲ್ಲಿ ಪಾತ್ರೆ ತೊಳೆಯುವುದು ರಾಜನೇ” ಎಂದೆ.