ಮಹಡಿ ಮನೆಗೆ ಬಂದ ಮಲಾವಿ ಹುಡುಗಿ

ರಾಮನಗರದ ನಮ್ಮ ಮನೆಯ ಮಹಡಿಯ ಮೇಲೆ ಒಂದು ರೂಮು, ಅದಕ್ಕೆ ಅಂಟಿಕೊಂಡಂತೆ ಒಂದು ಪುಟ್ಟ ಅಡುಗೆಮನೆ ಇದೆ. ಮೊದಲು ನಾನು ಅಲ್ಲೇ ಕೂತು ಬ್ಲೌಸ್ ಹೊಲಿಯುತ್ತಿದ್ದೆ. ಮೊಣಕಾಲು ನೋವು ಶುರುವಾದ ಮೇಲೆ ಹೊಲಿಗೆ ಮೆಷಿನ್ನನ್ನು ಕೆಳಗಿನ ಹಾಲ್‌ಗೆ ಇಳಿಸಿ, ರೂಮನ್ನು ಬಾಡಿಗೆಗೆ ಕೊಡೋಣ ಎಂದುಕೊಂಡೆವು. ಬಿಡದಿ ಕಡೆಯ ನರ್ಸಿಂಗ್ ಕಾಲೇಜೊಂದರಲ್ಲಿ ಕೆಲಸ ಮಾಡುವ ಪರಿಚಯದವರೊಬ್ಬರು, "ಹೊರದೇಶದ ಹುಡುಗಿ ಒಬ್ಳು ಓದಕ್ಕೆ ಬತ್ತಾವ್ಳೆ ಅಕ್ಕ. ಹಾಸ್ಟೆಲ್ ತುಂಬೋಗೈತೆ. ಕೊಡ್ತೀರಾ?" ಎಂದು ಕೇಳಿದರು. ಎಲ್ಲಿಯವಳು ಎಂದರೆ ಮಲಾವಿ ಎಂದರು. ಅದು ಆಫ್ರಿಕಾದಲ್ಲಿದೆ ಎಂದು ನನಗೆ ಗೊತ್ತಾದದ್ದು ಆವತ್ತೇ.

ನನ್ನ ಗಂಡ, "ಕೊಡಾದಾದ್ರೆ ಕೊಡು, ಆದ್ರೆ ಇಂಗ್ಲಿಷು ನೀನೇ ಮಾತಾಡ್ಕೋಬೇಕು" ಎಂದು ಕೈ ತೊಳೆದುಕೊಂಡರು. ನನಗೆ ಬರುವ ಇಂಗ್ಲಿಷು ಪಿಯುಸಿಯಲ್ಲಿ ಕಲಿತದ್ದು, ಅದರಲ್ಲೂ ಮುಕ್ಕಾಲು ಭಾಗ ಮರೆತದ್ದು. ಅತ್ತೆಯದು ಒಂದೇ ಷರತ್ತು. ನಾವು ಲಿಂಗ ಕಟ್ಟುವ ಜನ, ಮನೆಯಲ್ಲಿ ಮಾಂಸ ಮೀನು ಬೇಯಿಸುವಂತಿಲ್ಲ. ಅದನ್ನು ಆ ಹುಡುಗಿಗೆ ಮೊದಲೇ ಹೇಳಿಬಿಡುತ್ತೇನೆ ಎಂದು ಪರಿಚಯದವರು ಒಪ್ಪಿಕೊಂಡರು.

ಅವಳು ಬಂದದ್ದು ಒಂದು ಮಧ್ಯಾಹ್ನ, ಆಟೋದಲ್ಲಿ, ಎರಡು ದೊಡ್ಡ ಸೂಟ್‌ಕೇಸ್ ಜೊತೆ. ಜಗಲಿಯ ಮೇಲೆ ಕೂತಿದ್ದ ಅತ್ತೆಯನ್ನು ಕಂಡವಳೇ ಎರಡೂ ಮಂಡಿ ಬಗ್ಗಿಸಿ ಕೈ ಮುಂದೆ ಚಾಚಿದಳು. ಅತ್ತೆ ಗಾಬರಿಯಾಗಿ ಎದ್ದು, "ಅಯ್ಯೋ, ಬಿದ್ದೋಯ್ತದೆ ಮಗ, ಇಡ್ಕಳಮ್ಮಿ" ಎಂದು ಅವಳ ಎರಡೂ ತೋಳು ಹಿಡಿದುಕೊಂಡರು. ಅವರ ಕಡೆ ಹಿರಿಯರಿಗೆ ನಮಸ್ಕಾರ ಮಾಡುವುದೇ ಹಾಗೆ ಎಂದು ತಿಳಿಯಲು ನಮಗೆ ವಾರ ಹಿಡಿಯಿತು. ಆಮೇಲೆ ಅವಳು ಅತ್ತೆಯ ಮುಖ ನೋಡಿ "ಅಗೋಗೋ" ಎಂದಳು. ಅತ್ತೆ ತಟ್ಟನೆ ಬೀದಿಯ ಕಡೆ ತಿರುಗಿ, "ಎಲ್ಲವ್ವ? ಯಾರು ಬಂದ್ರು?" ಎಂದರು. ಅವಳ ಭಾಷೆಯಲ್ಲಿ ಅಗೋಗೋ ಎಂದರೆ ಅಜ್ಜಿ. ಗೊತ್ತಾದ ಮೇಲೂ ಎಷ್ಟೋ ದಿನ ಅವಳು ಅಗೋಗೋ ಎಂದಾಗಲೆಲ್ಲ ಅತ್ತೆಯ ಕತ್ತು ಬೀದಿಯ ಕಡೆಗೇ ತಿರುಗುತ್ತಿತ್ತು.

ಮೊದಲ ದಿನಗಳು ಅವಳಿಗೆ ಸುಲಭವಾಗಿರಲಿಲ್ಲ. ನಾನು ಮೇಲಕ್ಕೆ ಕಳಿಸಿದ ಅನ್ನ ಸಾರು ಅರ್ಧಕ್ಕರ್ಧ ವಾಪಸು ಬರುತ್ತಿತ್ತು. ಬ್ರೆಡ್ಡು, ಬಾಳೆಹಣ್ಣು ತಿಂದುಕೊಂಡು ಇರುತ್ತಿದ್ದಳು. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ ಎಂದು ನಾನು ಹೇಳುವುದನ್ನೇ ಮರೆತಿದ್ದೆ. ಬಕೆಟ್ ಖಾಲಿಯಾದರೂ ಕೇಳಲು ನಾಚಿ, ಬಾಟಲಿ ನೀರಿನಲ್ಲಿ ಮುಖ ತೊಳೆದುಕೊಂಡು ಕಾಲೇಜಿಗೆ ಹೋಗಿದ್ದಳಂತೆ. ಅದು ತಿಳಿದಾಗ ನನಗೆ ನನ್ನದೇ ನೆನಪಾಯಿತು. ಮಾಗಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಈ ಮನೆಗೆ ಬಂದಾಗ, ಬೆಂಕಿಪೊಟ್ಟಣ ಎಲ್ಲಿದೆ ಎಂದು ಕೇಳಲಾರದೆ ಅಡುಗೆಮನೆಯಲ್ಲಿ ಸುಮ್ಮನೆ ನಿಂತುಬಿಟ್ಟಿದ್ದೆ. ನಾನು ಬಂದದ್ದು ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅವಳು ಸಮುದ್ರ ದಾಟಿ ಬಂದಿದ್ದಳು.

ಎರಡನೇ ವಾರದ ಒಂದು ಸಂಜೆ ಬ್ಲೌಸಿಗೆ ಹುಕ್ಸ್ ಹಾಕುತ್ತಾ ಕೂತಿದ್ದೆ. ಮೆಟ್ಟಿಲ ಮೇಲೆ ಬೀದಿಯ ಎರಡು ಬೆಕ್ಕು ಬಂದು ಮೇಲೆ ನೋಡುತ್ತಾ ಕೂತವು. ಹಿಂದೆಯೇ ವಾಸನೆ ಬಂತು. ಒಣಮೀನು. ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದರು. ನಾನು ಹಿಂದೆ ಓಡಬೇಕೆಂದರೂ ಮೊಣಕಾಲು ಬಿಡಲಿಲ್ಲ. ಇವತ್ತು ಆ ಹುಡುಗಿಯ ಸೂಟ್‌ಕೇಸ್ ಬೀದಿಗೆ ಬಂತು ಎಂದೇ ಎಣಿಸಿದೆ.

ಅತ್ತೆ ಹೋದಷ್ಟೇ ಬೇಗ ಇಳಿದು ಬಂದರು. ಒಂದು ಚೊಂಬು ನೀರು ಕುಡಿದು ಕೂತರು.

"ಏನಂದ್ರಿ ಅತ್ತೆ?" ಎಂದು ಕೇಳಿದೆ.

"ಏನೂ ಅನ್ನಲಿಲ್ಲ. ತಟ್ಟೆ ಮುಂದಿಟ್ಕಂಡು ನಗ್ತಾ ಉಣ್ತಾ ಐತೆ ಕಣಮ್ಮಿ ಆ ಮಗ. ನನ್ ಕಂಡೇಟ್ಗೆ ನಂಗೂ ಒಂದು ತಟ್ಟೆ ಇಡಕ್ಕೆ ಬಂತು. ಬಂದಾಗಿಂದ ಅದು ನಕ್ಕಿದ್ದು ಇವತ್ತೇ. ಉಂಡಾದ್ಮೇಲೆ ಹೇಳು. ಈಗ ಬ್ಯಾಡ."

ಉಂಡಾದ ಮೇಲೆ ನಾನು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವಳ ಮುಖ ಬಾಡಿಹೋಯಿತು. ಪರಿಚಯದವರು ಅವಳಿಗೆ ವಿಷಯ ಹೇಳಿಯೇ ಇರಲಿಲ್ಲ. ಅದು ಅವಳ ಅಮ್ಮ ಕಟ್ಟಿಕೊಟ್ಟ ಪೊಟ್ಟಣ, ಅವರ ಊರಿನ ಸಮುದ್ರದಂಥ ಸರೋವರದ ಮೀನು. ಉಳಿದದ್ದನ್ನೆಲ್ಲ ಒಂದರೊಳಗೊಂದು ಮೂರು ಕವರಿನಲ್ಲಿ ಸುತ್ತಿ, ಎಸೆದುಬಿಡುತ್ತೇನೆ, ಕ್ಷಮಿಸಿ ಎಂದು ಇಂಗ್ಲಿಷಿನಲ್ಲೇ ಹೇಳಿ ಹೊರಟೇಬಿಟ್ಟಳು. ಪಕ್ಕದ ಮನೆಯ ಆಪಾ ಕಾಂಪೌಂಡಿನ ಆಚೆ ಬಟ್ಟೆ ಎತ್ತಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಾನು ಅವರನ್ನು ಆಪಾ ಎಂದೇ ಕರೆಯುವುದು, ಅವರ ಮನೆಯವರು ರೇಷ್ಮೆ ನೂಲು ತೆಗೆಸುವವರು.

"ಅಮ್ಮ ಕೊಟ್ಟಿದ್ದು ಎಸೀಬಾರ್ದು ಅಂತ ಹೇಳಮ್ಮ ಅವ್ಳಿಗೆ" ಎಂದರು. "ನಮ್ಮನೆ ಫ್ರಿಜ್‌ನಲ್ಲಿ ಇರ್ಲಿ. ಭಾನುವಾರ ಬಂದು ನಮ್ಮ ಸ್ಟವ್ ಮೇಲೇ ಮಾಡ್ಕೊಳ್ಲಿ. ನಾವೂ ಒಂಚೂರು ರುಚಿ ನೋಡ್ತೀವಿ."

ಅಲ್ಲಿಗೆ ತೀರ್ಮಾನವಾಯಿತು. ಪ್ರತಿ ಭಾನುವಾರ ಅವಳು ಆಪಾ ಮನೆಗೆ ಹೋಗತೊಡಗಿದಳು. ಅಲ್ಲಿ ಉಂಡು, ಕೈ ತೊಳೆದು, ಸಂಜೆ ಅತ್ತೆಯ ಪಕ್ಕ ಬಂದು ಕೂರುತ್ತಿದ್ದಳು. ಒಂದು ಭಾನುವಾರ ಅತ್ತೆಗೆ, ಮೀನಿನ ಜೊತೆ ತಿನ್ನುವ ಹಿಟ್ಟು ಇಲ್ಲಿ ಸಿಗುವುದಿಲ್ಲ ಎಂದು ಕೈಸನ್ನೆಯಲ್ಲೇ ವಿವರಿಸಿದಳು. ಕೇಳಿದರೆ ಅದು ಮುಸುಕಿನ ಜೋಳದ ಹಿಟ್ಟು. ಅತ್ತೆಯ ತವರು ಕೂಟಗಲ್ಲು, ಅಲ್ಲಿ ಅವರ ತಮ್ಮ ಹೊಲದಲ್ಲಿ ಜೋಳ ಬೆಳೆಯುತ್ತಾರೆ. ತಮ್ಮನಿಗೆ ಫೋನು ಮಾಡಿ, "ಜೋಳ ಒಸಿ ಕಳ್ಸ್ಲಾ, ಮನೇಲಿ ಮಗ ಉಪಾಸ ಐತೆ" ಎಂದರು. ಮೂರನೇ ದಿನಕ್ಕೆ ಅರ್ಧ ಮೂಟೆ ಜೋಳ ಬಂದಿಳಿಯಿತು. ಫ್ಲೋರ್ ಮಿಲ್ಲಿಗೆ ಇಬ್ಬರೂ ಹೋದರು. ಅವಳ ಊರಿನಲ್ಲಿ ಹಿಟ್ಟು ಬೆಳ್ಳಗಿರುತ್ತದೆ, ಇದು ಹಳದಿ. ಪರವಾಗಿಲ್ಲ ಎಂದು ತಲೆಯಾಡಿಸಿದಳಂತೆ.

ಆವತ್ತು ಅವಳು ನಮ್ಮ ಅಡುಗೆಮನೆಯಲ್ಲೇ ನ್ಸೀಮಾ ಎನ್ನುವ ಅವರ ಕಡೆಯ ಮುದ್ದೆ ಮಾಡಿದಳು. ನೀರು ಕುದಿಸಿ, ಹಿಟ್ಟು ಹಾಕಿ, ಕೋಲಿನಲ್ಲಿ ತಿರುವುವುದು. ನೋಡುತ್ತಾ ನಿಂತಿದ್ದ ಅತ್ತೆಗೆ ತಡೆಯಲಾಗಲಿಲ್ಲ.

"ಅಂಗಲ್ಲ ಕಣವ್ವ, ಗಂಟಾಯ್ತದೆ. ಕೋಲು ಇತ್ಲಾಗ್ ಕೊಡು."

ಅವಳು ಕೊಡಲಿಲ್ಲ. "ಇಲ್ಲ ಅಗೋಗೋ" ಎಂದು ಕೋಲನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಅವಳು ಆಡಿದ ಮೊದಲ ಕನ್ನಡ ಮಾತು ಅದು. ಗಂಟಾಗಲಿಲ್ಲ. ಅತ್ತೆ ಬಸ್ಸಾರಿನ ಜೊತೆ ಎರಡು ತುತ್ತು ಉಂಡು, "ನಮ್ ಮುದ್ದೆಯಷ್ಟು ಗಟ್ಟಿ ಇಲ್ಲ, ಆದ್ರೂ ಒಳ್ಳೇದೈತೆ" ಎಂದರು. ಮಾರನೆಯ ದಿನ ರಾಗಿ ಮುದ್ದೆ ಇಟ್ಟರೆ ಅವಳು ಅಗಿದಳು. ನುಂಗು ಎಂದು ಅತ್ತೆ ಗಂಟಲು ತೋರಿಸಿದರು. ಅವಳು ಇವತ್ತಿಗೂ ಅಗಿಯುತ್ತಾಳೆ. ಆದರೆ ಅನ್ನ ಇಟ್ಟ ದಿನ ಮುದ್ದೆ ಎಲ್ಲಿ ಎಂದು ಕೇಳುತ್ತಾಳೆ.

ಅಲ್ಲಿಂದ ಮುಂದೆ ಎಲ್ಲ ತಾನಾಗಿ ಕೂಡಿಬಂತು. ಬಿಡದಿ ಬಸ್ಸಿನ ಕಂಡಕ್ಟರು ಅವಳಿಗಾಗಿ ಅರ್ಧ ನಿಮಿಷ ಬಸ್ಸು ನಿಲ್ಲಿಸುವಷ್ಟು ಪರಿಚಯವಾದರು. ದುರುಗುಟ್ಟಿ ನೋಡುವವರಿಗೆ "ಊಟ ಆಯ್ತಾ?" ಎಂದು ಅವಳೇ ಕೇಳಿಬಿಡುತ್ತಿದ್ದಳು, ಅವರು ನಾಚಿ ನಗುತ್ತಿದ್ದರು. ಊರಿಂದ ತಂದ ದೊಡ್ಡ ದೊಡ್ಡ ಹೂವಿನ ಬಟ್ಟೆಯಲ್ಲಿ ನಾನು ಅವಳಿಗೊಂದು ಚೂಡಿದಾರ್ ಹೊಲಿದುಕೊಟ್ಟೆ. ಅದನ್ನು ನೋಡಿ ಬೀದಿಯ ಮೂವರು ಹೆಂಗಸರು, ಇದು ಯಾವ ಅಂಗಡಿಯ ಬಟ್ಟೆ ಎಂದು ನನ್ನನ್ನು ಪೀಡಿಸಿದರು. ಅವಳೊಡನೆ ಮಾತಾಡಿ ಆಡಿ ನನ್ನ ಇಂಗ್ಲಿಷಿಗೂ ಜೀವ ಬಂತು. ಬ್ಯಾಂಕಿನಲ್ಲಿ ಈಗ ನಾನು ಯಾರನ್ನೂ ಹುಡುಕುವುದಿಲ್ಲ, ಫಾರಂ ನಾನೇ ತುಂಬುತ್ತೇನೆ.

ಕಳೆದ ವರ್ಷ ಅವಳ ಊರಿನಿಂದಲೇ ಇನ್ನೊಬ್ಬ ಹುಡುಗಿ ಅದೇ ಕಾಲೇಜಿಗೆ ಸೇರಿದಳು. ನಮ್ಮ ರೂಮಿನಲ್ಲೇ ಇರಿಸಿಕೊಳ್ಳಬಹುದೇ ಎಂದು ಇವಳು ಅತ್ತೆಯನ್ನು ನೇರವಾಗಿ ಕೇಳಿದಳು. "ಮೀನಿನ್ ಇಸ್ಯ ನೀನೇ ಹೇಳ್ಬುಡು" ಎಂದರು ಅತ್ತೆ. "ಹೇಳೀನಿ ಅಗೋಗೋ, ಫೋನಲ್ಲೇ ಹೇಳ್ಬುಟ್ಟಿವ್ನಿ" ಎಂದಳು, ಥೇಟ್ ನಮ್ಮ ಹಾಗೆ.

ಕರೆತರಲು ನನ್ನನ್ನೂ ಜೊತೆಗೆ ಕರೆದಳು. ನಾನು ಅದುವರೆಗೆ ವಿಮಾನ ನಿಲ್ದಾಣ ನೋಡಿರಲಿಲ್ಲ. ಬೆಂಗಳೂರಿನಲ್ಲಿ ಯಾವ ಪ್ಲಾಟ್‌ಫಾರಂ, ಯಾವ ಬಸ್ಸು, ಎಲ್ಲ ಅವಳಿಗೆ ಗೊತ್ತಿತ್ತು. "ಅಕ್ಕ, ಬಿರ್ರನೆ ಹತ್ತಿ" ಎಂದು ಕೈ ಹಿಡಿದು ಎಳೆದುಕೊಂಡು, ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿದಳು. ದಾರಿಯುದ್ದಕ್ಕೂ ಅದು ನೋಡಿ, ಇದು ನೋಡಿ ಎಂದು ನಮ್ಮ ಬೆಂಗಳೂರನ್ನು ನನಗೇ ತೋರಿಸಿದಳು.

ಹೊಸ ಹುಡುಗಿ ಹೊರಗೆ ಬಂದಾಗ ಕಣ್ಣೆಲ್ಲ ಕೆಂಪಾಗಿತ್ತು. ಇವಳು ಓಡಿಹೋಗಿ ತಬ್ಬಿಕೊಂಡು ತಮ್ಮ ಭಾಷೆಯಲ್ಲಿ ಏನೇನೋ ಹೇಳಿದಳು. ನಡುವೆ "ಮುದ್ದೆ" ಎನ್ನುವ ಒಂದು ಮಾತು ಮಾತ್ರ ನನಗೆ ಅರ್ಥವಾಯಿತು. ಅಳುತ್ತಿದ್ದ ಹುಡುಗಿ ನಕ್ಕಳು. ಒಂದು ಸೂಟ್‌ಕೇಸ್ ಇವಳು ಎಳೆದುಕೊಂಡಳು, ಇನ್ನೊಂದನ್ನು ನಾನು ಹಿಡಿದುಕೊಂಡೆ. ಮೂವರೂ ಬಸ್ಸಿನ ಕಡೆ ನಡೆದೆವು.