ರಸ್ತೆ ಕಡೆಯ ಗೋಡೆ

ನಮ್ಮಕ್ಕನ ಹುಬ್ಬು ಪ್ರಾಯದಲ್ಲೇ ಬೆಳ್ಳಗಿದ್ದವು. ವಯಸ್ಸಿಗಲ್ಲ, ಹತ್ತಿಯ ಎಳೆಗೆ. ಶಹಾಪುರದ ಜಿನ್ನಿಂಗ್ ಮಿಲ್ಲಿನಿಂದ ಸಂಜೆ ಬಸ್ಸಿಳಿದು ಬಂದರೆ ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆ, ಎಲ್ಲ ಕಡೆ ಹತ್ತಿ. ಸೆರಗಿನಿಂದ ಒರೆಸಿಕೊಳ್ಳುತ್ತ "ನೋಡೋ ತಮ್ಮಾ, ಮುದುಕಿ ಆಗಿ ಬಂದೀನಿ" ಎಂದು ನಗುತ್ತಿದ್ದಳು. ಒರೆಸಿದ್ದು ಮುಖದ ಮೇಲಿನದು. ಒಳಗೆ ಹೋದದ್ದು ಎದೆಯಲ್ಲೇ ಕೂತಿತು. ಮಿಲ್ಲು ಬಿಟ್ಟ ಮೇಲೂ ಚಳಿ ಬಿದ್ದರೆ ಸಾಕು, ಅವಳ ಉಸಿರು ಸೀಟಿ ಹೊಡೆಯುತ್ತಿತ್ತು.

ಅವ್ವ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳೇ. ಗಂಡನನ್ನು ಕಳೆದುಕೊಂಡು ಬಂದವಳು ನಮ್ಮ ಜೊತೆಗೇ ಉಳಿದಳು. ನಾನು ಏಳನೇ ಇಯತ್ತೆಗೆ ಸಾಲೆ ಬಿಟ್ಟವನು, ಚಂದ ಮಾಡಿ ಬರೆಯಲು ಬರುವುದಿಲ್ಲ. ಆದದ್ದನ್ನು ಬರೆಯುತ್ತೇನೆ.

ಸುರಪುರದ ಹತ್ತಿರದ ನಮ್ಮೂರಲ್ಲಿ ಹಳೆಯ ಮಣ್ಣಿನ ಮನೆ ಕೆಡವಿ ಸಿಮೆಂಟ್ ಇಟ್ಟಿಗೆಯ ಒಂದು ಕೋಣೆ ಕಟ್ಟಿಸಿದೆ. ಜ್ವರ ನೋಡುವ ಹಾಗೆ ಗೋಡೆಗೆ ಅಂಗೈ ಇಡುವುದು ಅಕ್ಕನ ಅಭ್ಯಾಸ. ಹೊಸ ಗೋಡೆಗೂ ಇಟ್ಟಳು.

"ತೆಳ್ಳಗದ. ಚಳಿ ಬೀಳೂದ್ರೊಳಗ ಇದಕ್ಕ ಹೊರಗಿಂದ ಹೊಚ್ಚಬೇಕು."

ಹೊಚ್ಚುವುದೆಂದರೆ, ಹೋದ ವರ್ಷದ ತೊಗರಿ ಕಟ್ಟಿಗೆಯನ್ನು ಗೋಡೆಗೆ ಒತ್ತಾಗಿ ನಿಲ್ಲಿಸಿ, ತಂತಿ ಬಿಗಿದು, ಹೊಟ್ಟು ಸಗಣಿ ಕಲೆಸಿದ ಮಣ್ಣನ್ನು ದಪ್ಪಗೆ ಮೆತ್ತುವುದು. ಮೊಳೆ ನಾನು ಹೊಡೆದೆ, ಮಣ್ಣು ಅವಳು ತುಳಿದಳು. ನಡುನಡುವೆ ಸೊಂಟ ಹಿಡಿದು ನಿಲ್ಲುವಳು. ನಾನು ತುಳಿಯಲು ಹೋದರೆ "ನೀ ಎಮ್ಮಿ ಹೊಂಡಕ್ಕ ಬಿದ್ದಂಗ ತುಳೀತಿ, ಸುಮ್ಮ ನೀರು ಹಾಕು" ಎನ್ನುವಳು.

ಮೂರು ಕಡೆ ಮುಗಿಯಿತು. ಉಳಿದದ್ದು ರಸ್ತೆ ಕಡೆಯ ಗೋಡೆ, ಬಡಗಣ ಗಾಳಿ ಬಡಿಯುವುದು. ಅದಕ್ಕೆ ತಾಗಿ ಒಳಗೆ ಅಕ್ಕನ ಹೊರಸು. ಅವಳ ಮಗ್ಗುಲಲ್ಲಿ ನನ್ನ ಮಗಳು ಮಲಗುತ್ತಿದ್ದಳು.

ಆ ಗೋಡೆ ಬೇಡ ಎಂದೆ. ಗೃಹಪ್ರವೇಶಕ್ಕೆ ಯಾದಗಿರಿಯಿಂದ ಹೆಂಡತಿಯ ತವರಿನವರು ಬರುವವರಿದ್ದರು. ಗುಲಾಬಿ ಬಣ್ಣ ಹೊಡೆಸಿದ್ದೆ.

"ಮನಿ ಮಾರಿಗೇ ಸಗಣಿ ಮೆತ್ತಿದ್ರ ಮಂದಿ ನಗ್ತಾರಕ್ಕಾ."

"ನಗಲೇಳು. ಅವರೇನು ಇಲ್ಲಿ ಮಲಗಾಕ ಬರ್ತಾರೇನು?"

"ಬಂದವರು ಹೋಗ್ಲಿ, ಆಮ್ಯಾಲ ಮಾಡೂಣು."

ಬಂದವರು ಬಣ್ಣ ಹೊಗಳಿ ಹೋದರು. ನಾನು ಮಾಡಲಿಲ್ಲ. ಹತ್ತಿ ಬಿಡಿಸುವ ಕೆಲಸ ಇದೆ ಎಂದೆ. ಹೊರಸು ಸರಿಸೋಣವೆಂದರೆ ಒಂದು ಕಡೆ ಒಲೆ, ಒಂದು ಕಡೆ ಜೋಳದ ಚೀಲ, ಇನ್ನೊಂದು ಕಡೆ ನಮ್ಮ ಹಾಸಿಗೆ. ನಮ್ಮ ಜಾಗ ಅವಳಿಗೆ ಕೊಡಬಹುದಿತ್ತು. ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಚಳಿ ಬಿತ್ತು. ಒಂದು ಬೆಳಿಗ್ಗೆ ಹೊಲದಿಂದ ಬರುತ್ತೇನೆ, ರಸ್ತೆ ಕಡೆಯ ಗೋಡೆಗೆ ಅಕ್ಕನ ಕೌದಿ. ಹಳೆ ಸೀರೆಗಳ ತುಂಡು ಕೂಡಿಸಿ ತಾನೇ ಹೊಲಿದದ್ದನ್ನು ಎರಡು ಮೊಳೆ ಹೊಡೆದು ಸಿಗಿಸಿ, ಹೊರಸು ಇರುವಷ್ಟು ಜಾಗ ಮುಚ್ಚಿದ್ದಳು. ಎದುರುಮನೆಯ ಮುದುಕ ಕಟ್ಟೆಯ ಮೇಲಿಂದ ಕೂಗಿದ: "ಏನಪಾ, ನಿಮ್ಮ ಗ್ವಾಡಿಗಿ ಥಂಡಿ ಹತ್ಯಾದೇನು? ಕಷಾಯ ಕುಡಸ್ರೆಪ!"

ಕಿತ್ತೆ. ಮೊಳೆಗೆ ಸಿಕ್ಕು ಪರ್ ಎಂದು ಹರಿಯಿತು. ಒಳಗೆ ತಂದು ಅವಳ ಮೇಲೆ ಒಗೆದೆ. "ಮರ್ಯಾದಿ ತಗೀಬ್ಯಾಡ. ಹೊಚ್ಚಿಕೊಂಡು ಬೀಳು."

ಅಕ್ಕ ಹರಿದ ಕಡೆ ಬೆರಳಾಡಿಸಿದಳು. ಒಂದೊಂದೇ ಮಾತಿಗೆ ಉಸಿರು ತಗೊಂಡು ಹೇಳಿದಳು: "ನಾ ಹೊಚ್ಚಿಕೊಂಡ್ರ ನನಗಷ್ಟ ಬೆಚ್ಚಗ. ಗ್ವಾಡಿಗಿ ಹೊಚ್ಚಿದ್ರ ಕೂಸಿಗೂ ಬೆಚ್ಚಗಿತ್ತು." ಆಮೇಲೆ ಸೂಜಿದಾರ ಕೇಳಿದಳು.

ಸಂಕ್ರಾಂತಿ ಅವಳು ನೋಡಲಿಲ್ಲ. ಮಿಲ್ಲಿನ ಧೂಳು ಎದೆ ತಿಂದಿತ್ತು ಎಂದರು ಡಾಕ್ಟರು. ಗೋಡೆಯ ಮಾತನ್ನು ನಾನು ಅವರಿಗೆ ಹೇಳಲಿಲ್ಲ.

ಈ ಸಲ ದಸರೆ ಮುಗಿದ ಕೂಡಲೇ ಗುಲಾಬಿ ಬಣ್ಣದ ಮೇಲೆ ಮೊಳೆ ಹೊಡೆದೆ. ಕಟ್ಟಿಗೆ ಬಿಗಿದೆ, ಮಣ್ಣು ತುಳಿದು ಮೆತ್ತಿದೆ. ಅಕ್ಕನ ಕೈಯಂತೆ ಬರಲಿಲ್ಲ, ಅಲ್ಲಲ್ಲಿ ಬಿರಿದಿದೆ. ಎದುರುಮನೆಯ ಮುದುಕ ಕಟ್ಟೆ ಇಳಿದು ಬಂದು ನೋಡಿ ಹೋದ.

ಚಳಿ ಬಿದ್ದಿದೆ. ಮಗಳು ಈಗ ಆ ಹೊರಸಿನ ಮೇಲೆ ಒಬ್ಬಳೇ ಗೋಡೆಗೆ ಬೆನ್ನು ಹಚ್ಚಿ ಮಲಗುತ್ತಾಳೆ. ಹೊಲಿಗೆ ಹಾಕಿದ ಆ ಕೌದಿಯನ್ನು ನಾನೇ ಹೊದಿಸಿರುತ್ತೇನೆ. ಬೆಳಿಗ್ಗೆ ನೋಡಿದರೆ ಕಾಲಿನಿಂದ ಒದ್ದಿರುತ್ತಾಳೆ.

"ಇದು ಬ್ಯಾಡಪಾ," ಅನ್ನುತ್ತಾಳೆ, "ಸೆಕಿ ಆಗ್ತದ."